ಜಾನ್ ಕಾನಿ ಅವರನ್ನು ಸಿನಿಮಾ ನಟ ಎನ್ನಬಹುದೇ?

ಹೊಸಪೇಟೆ ನೋಡುಗ:
ಕಳೆದ ವಾರ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಮುಫಾಸಾ’ ಚಿತ್ರವನ್ನು ನೋಡುತ್ತಿದ್ದಾಗ, ರಫೀಕಿ ಎಂಬ ಮುದಿ ಕೋತಿಯ ದನಿ ಕೇಳಿದೊಡನೆ ಈ ಕಂಠ ನನಗೆ ಮೊದಲೇ ಪರಿಚಿತ ಎನಿಸಿತು. ಹುಡುಕಿ ನೋಡಿದರೆ ಅದು ‘ಬ್ಲ್ಯಾಕ್ ಪ್ಯಾಂಥರ್’ನಲ್ಲಿ ನಾಯಕನ ತಂದೆ ಟಿಚಾಕಾ ಆಗಿದ್ದ ದಕ್ಷಿಣ ಆಫ್ರಿಕಾದ ಜಾನ್ ಕಾನಿ ಅವರದೇ ದನಿ. 1943ರ ಆಗಸ್ಟ್ 30ರಂದು ಪೋರ್ಟ್ ಎಲಿಜಬೆತ್‌ನ ನ್ಯೂ ಬ್ರೈಟನ್ ಎಂಬ ಕಪ್ಪುಜನರ ಬಡಾವಣೆಯಲ್ಲಿ ಹುಟ್ಟಿದ ಈ ಮನುಷ್ಯ 1975ರಲ್ಲೇ ಅಮೆರಿಕದಲ್ಲಿ ರಂಗಭೂಮಿಗೆ ಕೊಡುವ ಟೋನಿ ಪ್ರಶಸ್ತಿಯನ್ನು ಪಡೆದಿದ್ದರೆಂದು ಓದಿ ನಾನು ಬೆರಗಾದೆ. ಅಷ್ಟು ದೊಡ್ಡ ನಟನಿಗೆ ಸಿನಿಮಾದಲ್ಲಿ ಸಿಕ್ಕಿದ್ದೆಲ್ಲ ಯಾರದೋ ತಂದೆ, ಯಾರಿಗೋ ದಾರಿ ತೋರಿಸುವವನು, ಯಾವುದೋ ಸೇನಾಪತಿ, ಇಲ್ಲವೇ ಕೋತಿ. ನಾಯಕನ ಪಾತ್ರ ಒಂದೂ ಕಾಣಲಿಲ್ಲ. ಇದಕ್ಕೆ ಕಾರಣವೇನು? ಅವರೇ ಸಿನಿಮಾವನ್ನು ಬದಿಗಿಟ್ಟರೋ, ಅಥವಾ ಸಿನಿಮಾದವರು ಅವರನ್ನು ಬದಿಗಿಟ್ಟರೋ? ತಿಳಿದವರು ದಯವಿಟ್ಟು ಹೇಳಬೇಕು.

ಮಳೆಗಾಲ:
ಅವರು ರಂಗನಟರು. ಸಿನಿಮಾ ಅವರಿಗೆ ಹೊಟ್ಟೆಪಾಡಿನ ಕೆಲಸ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ರಂಗಮನೆಯ ಹಳಬ:
ಚರ್ಚಿಸುವಂಥದ್ದು ಬಹಳವಿದೆ, ಮಳೆಗಾಲದವರೇ. ಕಾನಿ ಅವರ ನಟನೆ ಎಲ್ಲಿಂದ ಬಂತೆಂಬುದನ್ನು ತಿಳಿಯದೆ ಅವರು ರಂಗನಟರೋ ಸಿನಿಮಾ ನಟರೋ ಎಂದು ವಿಂಗಡಿಸಲು ಹೊರಟರೆ ದಾರಿ ತಪ್ಪುತ್ತದೆ.

ಅವರು ಯಾವ ನಾಟಕಶಾಲೆಯಲ್ಲೂ ಕಲಿತವರಲ್ಲ. ಪೋರ್ಟ್ ಎಲಿಜಬೆತ್‌ನ ಫೋರ್ಡ್ ಕಾರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತರುಣ. 1965ರಲ್ಲಿ ‘ಸರ್ಪೆಂಟ್ ಪ್ಲೇಯರ್ಸ್’ ಎಂಬ ತಂಡವನ್ನು ಸೇರಿದರು. ನ್ಯೂ ಬ್ರೈಟನ್‌ನ ಕಪ್ಪು ಕಲಾವಿದರು ನಾಟಕಕಾರ ಅಥೊಲ್ ಫ್ಯೂಗಾರ್ಡ್ ಅವರೊಂದಿಗೆ ಕೂಡಿ ನಡೆಸುತ್ತಿದ್ದ ತಂಡವದು. ತಂಡದ ಕೆಲವರನ್ನು ಪೊಲೀಸರು ಹಿಡಿದು ರಾಬೆನ್ ದ್ವೀಪದ ಸೆರೆಮನೆಗೆ ಕಳುಹಿಸಿದ್ದರು. ಕಾನಿ ಮತ್ತು ಅವರ ಗೆಳೆಯ ವಿನ್‌ಸ್ಟನ್ ಎನ್‌ಟ್ಶೋನಾ ಇಬ್ಬರೂ ಫ್ಯೂಗಾರ್ಡ್ ಅವರೊಡನೆ ಕುಳಿತು, ಮೊದಲು ಬರೆದುಕೊಂಡ ಪಠ್ಯವಿಲ್ಲದೆ ಆಡುತ್ತ ಆಡುತ್ತಲೇ ಎರಡು ನಾಟಕಗಳನ್ನು ಕಟ್ಟಿದರು. 1972ರಲ್ಲಿ ಕೇಪ್‌ಟೌನ್‌ನಲ್ಲಿ ‘ಸಿಜ್ವೆ ಬಾನ್ಜಿ ಈಸ್ ಡೆಡ್’, ಮರುವರ್ಷ ‘ದಿ ಐಲ್ಯಾಂಡ್’.

ಮೊದಲನೆಯದು ಪಾಸ್‌ಪುಸ್ತಕದ ಕಥೆ. ಆ ಪುಸ್ತಕದಲ್ಲಿ ಸರಿಯಾದ ಮುದ್ರೆ ಇಲ್ಲದಿದ್ದರೆ ಕಪ್ಪು ಮನುಷ್ಯ ಪಟ್ಟಣದಲ್ಲಿ ಉಳಿದು ಕೆಲಸ ಹುಡುಕುವಂತಿರಲಿಲ್ಲ. ಹಾಗೆ ಮುದ್ರೆ ಸಿಗದ ಸಿಜ್ವೆ, ದಾರಿಯಲ್ಲಿ ಸತ್ತು ಬಿದ್ದಿದ್ದವನೊಬ್ಬನ ಪಾಸ್‌ಪುಸ್ತಕವನ್ನು ಎತ್ತಿಕೊಂಡು ತನ್ನ ಹೆಸರನ್ನೇ ಬಿಟ್ಟುಕೊಡುತ್ತಾನೆ. ಇದರಲ್ಲಿ ಕಾನಿ ಅವರದು ಫೋಟೋ ಸ್ಟುಡಿಯೋ ಇಟ್ಟುಕೊಂಡ ಸ್ಟೈಲ್ಸ್ ಎಂಬುವನ ಪಾತ್ರ. ದೊಡ್ಡ ಧಣಿ ಕಾರ್ಖಾನೆ ನೋಡಲು ಬರುತ್ತಾನೆಂದು ಎಲ್ಲರೂ ಗಡಿಬಿಡಿಯಿಂದ ನೆಲ ತೊಳೆದು ಸುಣ್ಣಬಣ್ಣ ಬಳಿಯುವ ಪ್ರಸಂಗವನ್ನು ಅವನು ಒಬ್ಬನೇ ನಿಂತು ಹೇಳುತ್ತಾನೆ. ಕಾರ್ಖಾನೆಯಲ್ಲಿ ನಿಜವಾಗಿ ಬೆವರು ಹರಿಸಿದವನಲ್ಲದೆ ಬೇರೆ ಯಾರೂ ಅದನ್ನು ಹಾಗೆ ಕಟ್ಟಲು ಸಾಧ್ಯವಿರಲಿಲ್ಲ. ಲಂಡನ್ನಿಗೆ ಹೋಗಿ, ಅಲ್ಲಿಂದ ನ್ಯೂಯಾರ್ಕಿಗೆ ಹೋಗಿ, ಈ ಎರಡೂ ನಾಟಕಗಳ ಅಭಿನಯಕ್ಕಾಗಿ ಇಬ್ಬರೂ ಸೇರಿ ಒಂದೇ ಟೋನಿ ಪ್ರಶಸ್ತಿಯನ್ನು ಹಂಚಿಕೊಂಡರು.

ಇನ್ನೊಂದು ಮಾತು. ಆ ಕಾಲದ ದಕ್ಷಿಣ ಆಫ್ರಿಕಾದಲ್ಲಿ ‘ನಟ’ ಎಂಬುದು ಕಪ್ಪು ಮನುಷ್ಯನಿಗೆ ಒಪ್ಪಿತ ಉದ್ಯೋಗವೇ ಆಗಿರಲಿಲ್ಲ. ಕಾಗದಪತ್ರಗಳಲ್ಲಿ ಇವರಿಬ್ಬರೂ ಫ್ಯೂಗಾರ್ಡ್ ಅವರ ಮನೆಯಾಳುಗಳು!

ತುಂಗಾತೀರ:
ಹಳಬರೇ, ನೀವು ಬರೆದದ್ದು ಸೊಗಸಾಗಿದೆ, ಆದರೆ ಕೇಳಿದ ಪ್ರಶ್ನೆ ತೆರೆಯ ಬಗ್ಗೆ. ಅದಕ್ಕೆ ಸರಳವಾದ ಉತ್ತರವೊಂದಿದೆ. ಕಾನಿ ಟೋನಿ ಪಡೆದಾಗ ಅವರ ದೇಶದಲ್ಲಿ ಟಿ.ವಿ.ಯೇ ಇರಲಿಲ್ಲ. ಅಲ್ಲಿಯ ಸರ್ಕಾರ ಟಿ.ವಿ.ಯಿಂದ ಜನ ಕೆಡುತ್ತಾರೆಂದು ವರ್ಷಗಟ್ಟಲೆ ಅದನ್ನು ತಡೆದು, ಕೊನೆಗೆ 1976ರ ಜನವರಿ 5ರಂದು ಪ್ರಸಾರವನ್ನು ಆರಂಭಿಸಿತು. ಅದೂ ಇಂಗ್ಲಿಷ್ ಮತ್ತು ಆಫ್ರಿಕಾನ್ಸ್ ಭಾಷೆಗಳಲ್ಲಿ ಮಾತ್ರ. ಕಪ್ಪುಜನರ ಭಾಷೆಗಳಿಗೆ ಪ್ರತ್ಯೇಕ ವಾಹಿನಿ ಬರಲು 1982ರವರೆಗೆ ಕಾಯಬೇಕಾಯಿತು. ಕಪ್ಪು ಪ್ರೇಕ್ಷಕರಿಗೆಂದು ತೆಗೆಯುತ್ತಿದ್ದ ಚಿತ್ರಗಳಿಗೆ ಸರ್ಕಾರದ ಸಹಾಯಧನ ಸಿಗುತ್ತಿತ್ತಾದರೂ, ಅವುಗಳಲ್ಲಿ ಬಹುಪಾಲು ಅದನ್ನು ಗಿಟ್ಟಿಸುವುದಕ್ಕಾಗಿಯೇ ಬಿಳಿಯ ನಿರ್ಮಾಪಕರು ಅಗ್ಗವಾಗಿ ಸುತ್ತಿ ಎಸೆದ ಸರಕು. ಇಪ್ಪತ್ತೈದರಿಂದ ಮೂವತ್ತೈದರವರೆಗೆ, ಅಂದರೆ ನಾಯಕನಾಗಿ ಮೆರೆಯಬೇಕಾದ ಪ್ರಾಯದಲ್ಲಿ, ಈ ಮನುಷ್ಯ ನಿಲ್ಲಲು ಅಲ್ಲಿ ಕ್ಯಾಮೆರಾವೇ ಇರಲಿಲ್ಲ. ಪ್ರಾಯ ಕಳೆದ ಮೇಲೆ ಕರೆ ಬಂತು, ತಂದೆಯ ಪಾತ್ರಕ್ಕೆ. ಇಷ್ಟೇ.

ಚಾವಡಿ ಚಂದ್ರು:
ಕ್ಯಾಮೆರಾ ಇರಲಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. 1978ರಲ್ಲಿ ತೆರೆಕಂಡ ‘ದಿ ವೈಲ್ಡ್ ಗೀಸ್’ ಚಿತ್ರದಲ್ಲಿ ರಿಚರ್ಡ್ ಬರ್ಟನ್, ರೋಜರ್ ಮೂರ್ ಅವರ ಜೊತೆ ಕಾನಿ ಇದ್ದರು, ಎನ್‌ಟ್ಶೋನಾ ಕೂಡ ಇದ್ದರು. ಅದನ್ನು ಚಿತ್ರೀಕರಿಸಿದ್ದು ದಕ್ಷಿಣ ಆಫ್ರಿಕಾದಲ್ಲೇ, ವರ್ಣಭೇದ ನೀತಿ ಉಚ್ಛ್ರಾಯದಲ್ಲಿದ್ದಾಗ. ಆಫ್ರಿಕಾದ ನೆಲದಲ್ಲಿ ಕೂಲಿಗೆ ಕಾದಾಡುವ ಬಿಳಿಯ ಸೈನಿಕರನ್ನು ವೀರರಂತೆ ತೋರಿಸುವ ಚಿತ್ರದಲ್ಲಿ ಇವರಿಬ್ಬರೂ ಏಕೆ ನಟಿಸಿದರು? ಪಾಸ್‌ಪುಸ್ತಕದ ವಿರುದ್ಧ ನಾಟಕವಾಡಿದವರು ಇದಕ್ಕೆ ಹೇಗೆ ಒಪ್ಪಿದರು? ಇದನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ಆರತಿ ಎತ್ತುವವರೇ.

ರಂಗಮನೆಯ ಹಳಬ:
ಆರತಿ ಎತ್ತುತ್ತಿಲ್ಲ ಚಂದ್ರು ಅವರೇ. ಆದರೆ ಆ ಚಿತ್ರಕ್ಕೆ ಮುಂಚಿನ ಎರಡು ವರ್ಷಗಳಲ್ಲಿ ಅವರಿಗೆ ಏನಾಗಿತ್ತು ಎಂಬುದನ್ನು ಸ್ವಲ್ಪ ನೋಡಿ. ಟೋನಿ ಪಡೆದು 1975ರಲ್ಲಿ ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಪೊಲೀಸರು ಅವರನ್ನು ದಾರಿಯಲ್ಲಿ ಅಡ್ಡಗಟ್ಟಿ ಸಾಯುವಂತೆ ಬಡಿದರೆಂದು ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಎಡಗಣ್ಣು ಹೋಯಿತು. ಇಂದು ನಾವು ನೋಡುವುದು ಕೃತಕ ಕಣ್ಣು. 1976ರ ಅಕ್ಟೋಬರ್‌ನಲ್ಲಿ, ಬಿಳಿಯ ಸರ್ಕಾರ ಖೋಸಾ ಜನರಿಗೆಂದು ಬೇರ್ಪಡಿಸಿದ್ದ ಟ್ರಾನ್ಸ್‌ಕೈ ಪ್ರದೇಶಕ್ಕೆ ‘ಸ್ವಾತಂತ್ರ್ಯ’ ಕೊಡುವ ಸಮಾರಂಭಕ್ಕೆ ಕೆಲವೇ ದಿನಗಳಿದ್ದಾಗ, ಅಲ್ಲಿ ‘ಸಿಜ್ವೆ ಬಾನ್ಜಿ’ ಆಡಿದರೆಂದು ಇಬ್ಬರನ್ನೂ ಹಿಡಿದು ಸೆರೆಯಲ್ಲಿಟ್ಟರು. ಲಂಡನ್, ನ್ಯೂಯಾರ್ಕ್‌ಗಳ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ ಬಿಡುಗಡೆಯಾಯಿತು. ಹೊರದೇಶದಲ್ಲಿ ಹೆಸರು ಇದ್ದುದರಿಂದಲೇ ಜೀವ ಉಳಿದಿತ್ತು. ಅಂಥವರು, ಹೊರಜಗತ್ತು ನೋಡುವ ಚಿತ್ರವೊಂದರಲ್ಲಿ ಮುಖ ತೋರಿಸಲು ಒಪ್ಪಿದ್ದನ್ನು ನಾವು ಕುರ್ಚಿಯಲ್ಲಿ ಕುಳಿತು ತೂಗಿ ನೋಡುವುದು ಎಷ್ಟು ಸರಿ?

ಚಾವಡಿ ಚಂದ್ರು:
ಕಷ್ಟಪಟ್ಟವರನ್ನು ಪ್ರಶ್ನಿಸಬಾರದು ಎಂದರೆ ಚರ್ಚೆಯೇ ಬೇಡ. ಕಣ್ಣಿನ ಸಂಗತಿ ನನಗೆ ತಿಳಿದಿರಲಿಲ್ಲ, ಅದಕ್ಕಾಗಿ ಧನ್ಯವಾದ. ಚಿತ್ರದ ಬಗೆಗಿನ ನನ್ನ ಮಾತು ಮಾತ್ರ ಹಾಗೆಯೇ ಇದೆ.

ಜೊಹಾನ್ಸ್‌ಬರ್ಗ್ ಕನ್ನಡತಿ:
ಹನ್ನೊಂದು ವರ್ಷದಿಂದ ಈ ಊರಿನಲ್ಲಿರುವ ನಾನು ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ. ನ್ಯೂಟೌನ್ ಎಂಬಲ್ಲಿ ಇರುವ ಮಾರ್ಕೆಟ್ ಥಿಯೇಟರ್‌ಗೆ ಆ ಹೆಸರು ಏಕೆ ಬಂತೆಂದು ಬಲ್ಲಿರಾ? 1913ರಲ್ಲಿ ಕಟ್ಟಿದ ಆ ಕಟ್ಟಡದಲ್ಲಿ ಮೊದಲು ಇದ್ದದ್ದು ಭಾರತೀಯ ವ್ಯಾಪಾರಿಗಳ ಹಣ್ಣಿನ ಮಾರುಕಟ್ಟೆ! ಬಾರ್ನಿ ಸೈಮನ್ ಮತ್ತು ಮ್ಯಾನಿ ಮಾನಿಮ್ ಅದನ್ನು ರಂಗಮಂದಿರವಾಗಿ ಮಾರ್ಪಡಿಸಿ 1976ರ ಜೂನ್ ತಿಂಗಳಲ್ಲಿ, ಇಲ್ಲಿನ ಕಪ್ಪುಜನರ ಬಡಾವಣೆ ಸೊವೆಟೊದಲ್ಲಿ ಪ್ರತಿಭಟಿಸುತ್ತಿದ್ದ ಶಾಲಾಮಕ್ಕಳ ಮೇಲೆ ಪೊಲೀಸರ ಗುಂಡು ಹಾರಿದ ವಾರದೊಳಗೆ ಬಾಗಿಲು ತೆರೆದರು. ಕಪ್ಪುಜನರು, ಬಿಳಿಯರು, ಭಾರತೀಯರು ಅಕ್ಕಪಕ್ಕ ಕುಳಿತು ನಾಟಕ ನೋಡಬಹುದಾಗಿದ್ದ ಜಾಗ ಅದು. ಕಾನಿ ಅವರು ಅಲ್ಲಿ ನಟಿಸಿದ್ದಷ್ಟೇ ಅಲ್ಲ, ಮುಂದೆ ಅದರ ಆಡಳಿತವನ್ನೂ ಹೊತ್ತರು. ಹೊಸ ಹುಡುಗ ಹುಡುಗಿಯರಿಗೆ ನಟನೆ ಕಲಿಸಲೆಂದು ಸೈಮನ್ ಅವರೊಡನೆ ಸೇರಿ ‘ಲ್ಯಾಬೊರೇಟರಿ’ಯನ್ನು ಆರಂಭಿಸಿದರು. ಅಲ್ಲಿನ ಮುಖ್ಯ ಸಭಾಂಗಣಕ್ಕೆ 2014ರಲ್ಲಿ ಅವರ ಹೆಸರನ್ನೇ ಇಟ್ಟರು.

ರಂಗ ಬೇರೆ, ತೆರೆ ಬೇರೆ ಎಂದು ಗೆರೆ ಎಳೆಯುತ್ತಿರುವವರಿಗೆ ಒಂದು ತಿದ್ದುಪಡಿ. 1987ರಲ್ಲಿ ಇದೇ ಮಾರ್ಕೆಟ್ ಥಿಯೇಟರ್‌ನಲ್ಲಿ ಜಾನೆಟ್ ಸುಜ್ಮನ್ ಅವರ ನಿರ್ದೇಶನದಲ್ಲಿ ಕಾನಿ ಒಥೆಲೋ ಆದರು. ಆ ಪ್ರಯೋಗವನ್ನು ಚಿತ್ರೀಕರಿಸಿ ಮರುವರ್ಷ ಬ್ರಿಟನ್ನಿನ ಚಾನೆಲ್ 4ರಲ್ಲಿ ಪ್ರಸಾರ ಮಾಡಿದರು. ಅದನ್ನು ನಾನು ಮೂರು ಸಲ ನೋಡಿದ್ದೇನೆ. ಶೇಕ್ಸ್‌ಪಿಯರನ ಇಂಗ್ಲಿಷನ್ನು ಕಾನಿ ತಮ್ಮ ತಾಯ್ನುಡಿಯಾದ ಖೋಸಾದ ನಾಲಿಗೆಯಿಂದ ನುಡಿಯುತ್ತಾರೆ. ಲಂಡನ್ನಿನ ಧಾಟಿಗೆ ಅವರು ಎಲ್ಲಿಯೂ ತಲೆಬಾಗಿಲ್ಲ. ಅವರು ಒಥೆಲೋನ ಬಿಳಿಯ ಹೆಂಡತಿ ಡೆಸ್ಡೆಮೋನಾಳ ಕೈ ಹಿಡಿದಾಗ, ಆ ದೇಶದಲ್ಲಿ ಎರಡೇ ವರ್ಷದ ಹಿಂದೆ, ಅಂದರೆ 1985ರವರೆಗೆ, ಕಪ್ಪು ಗಂಡು ಬಿಳಿ ಹೆಣ್ಣು ಕೂಡಿದರೆ ಜೈಲಿತ್ತು ಎಂಬುದನ್ನು ನೆನಪಿಟ್ಟುಕೊಂಡು ನೋಡಬೇಕು.

ಮಳೆಗಾಲ:
ಒಥೆಲೋವನ್ನು ಆಡುವಾಗ ಪ್ರೇಕ್ಷಕರು ಎದ್ದು ಹೋದರಂತೆ ಎಂದು ಎಲ್ಲೋ ಓದಿದ್ದೇನೆ.

ಜೊಹಾನ್ಸ್‌ಬರ್ಗ್ ಕನ್ನಡತಿ:
ಅದಕ್ಕೂ ಹೆಚ್ಚು ಗಲಾಟೆಯಾದದ್ದು ಬೇರೊಂದು ನಾಟಕದಲ್ಲಿ. 1985ರಲ್ಲಿ ಕೇಪ್‌ಟೌನ್‌ನ ಬಾಕ್ಸ್‌ಟರ್ ರಂಗಮಂದಿರದಲ್ಲಿ ಸ್ಟ್ರಿಂಡ್‌ಬರ್ಗ್ ಬರೆದ ‘ಮಿಸ್ ಜೂಲಿ’ಯನ್ನು ಆಡಿದಾಗ, ಆಳಿನ ಪಾತ್ರದ ಕಾನಿ ಮತ್ತು ಒಡತಿಯ ಪಾತ್ರದ ಸಾಂಡ್ರಾ ಪ್ರಿನ್ಸ್‌ಲೂ ಮುತ್ತಿಡುವ ದೃಶ್ಯದಲ್ಲಿ ಬಿಳಿಯ ಪ್ರೇಕ್ಷಕರು ಗುಂಪಾಗಿ ಎದ್ದು ನಡೆದರು. ಅದೇ ವರ್ಷ ಕಾನಿ ಅವರ ತಮ್ಮ, ಕವಿಯಾಗಿದ್ದ ಖೋಲಿಲೆ, ಪುಟ್ಟ ಹುಡುಗಿಯೊಬ್ಬಳ ಶವಸಂಸ್ಕಾರಕ್ಕೆ ಹೋಗಿದ್ದಾಗ ಪೊಲೀಸರ ಗುಂಡಿಗೆ ಬಲಿಯಾದರು.

ಸಿನಿಮಾ ಡೈರಿ:
ಮೂಲ ಬರಹದಲ್ಲಿ ‘ನಾಯಕನ ಪಾತ್ರ ಒಂದೂ ಕಾಣಲಿಲ್ಲ’ ಎಂದಿದೆ. ಆ ಮಾತು ತಪ್ಪು, ಮತ್ತು ಇಷ್ಟು ಜನ ಬರೆದರೂ ಯಾರೂ ಅದನ್ನು ತಿದ್ದದೇ ಇರುವುದು ನನಗೆ ಸೋಜಿಗವಾಗಿದೆ.

1987ರ ‘ಸ್ಯಾಟರ್ಡೇ ನೈಟ್ ಅಟ್ ದ ಪ್ಯಾಲೆಸ್’ ಚಿತ್ರದಲ್ಲಿ ಹೆದ್ದಾರಿಯ ಬದಿಯ ಹೋಟೆಲೊಂದರಲ್ಲಿ ಮಾಣಿಯಾಗಿರುವ ಸೆಪ್ಟೆಂಬರ್ ಎಂಬವನ ಪಾತ್ರ ಕಾನಿ ಅವರದು. ಊರಿಗೆ ರಜೆ ಮೇಲೆ ಹೊರಡಲಿರುವ ಹಿಂದಿನ ರಾತ್ರಿ ಇಬ್ಬರು ಬಿಳಿಯ ತರುಣರು ಬಂದು ಅವನನ್ನು ಗೋಳುಹೊಯ್ದುಕೊಳ್ಳುತ್ತಾರೆ. ಇಡೀ ಚಿತ್ರ ಈ ಮೂವರ ಹೆಗಲ ಮೇಲಿದೆ. 1998ರ ‘ದಿ ಟಿಚ್‌ಬೋರ್ನ್ ಕ್ಲೇಮಂಟ್’ ಇಂಗ್ಲೆಂಡಿನಲ್ಲಿ ನಿಜವಾಗಿ ನಡೆದ ಆಸ್ತಿ ಮೊಕದ್ದಮೆಯ ಕಥೆ. ಅದನ್ನು ನಾವು ಶ್ರೀಮಂತ ಮನೆತನದ ಕಪ್ಪು ಸೇವಕ ಆಂಡ್ರೂ ಬೋಗಲ್‌ನ ಕಣ್ಣಿನಿಂದ ನೋಡುತ್ತೇವೆ, ಆ ಬೋಗಲ್ ಕಾನಿ. ನಿರ್ದೇಶಕ ಡೇವಿಡ್ ಯೇಟ್ಸ್ ಅವರ ಮೊದಲ ಚಲನಚಿತ್ರ ಅದು, ಮುಂದೆ ಅವರೇ ಹ್ಯಾರಿ ಪಾಟರ್ ಸರಣಿಯ ಕೊನೆಯ ಭಾಗಗಳನ್ನು ತೆಗೆದರು. ಚಿತ್ರ ಓಡಲಿಲ್ಲ, ಅದು ಬೇರೆ ಮಾತು.

ಎಲ್ಲಕ್ಕಿಂತ ಮುಖ್ಯವಾದದ್ದು 2008ರ ‘ನಥಿಂಗ್ ಬಟ್ ದ ಟ್ರೂತ್’. ತಮ್ಮನ ಸಾವಿನ ನೋವನ್ನು ಒಡಲಲ್ಲಿಟ್ಟುಕೊಂಡು ಕಾನಿ 2002ರಲ್ಲಿ ಒಬ್ಬರೇ ಕುಳಿತು ಬರೆದ ನಾಟಕವಿದು. ಅದನ್ನೇ ಸಿನಿಮಾ ಮಾಡಿ ನಿರ್ದೇಶಿಸಿ ನಾಯಕನಾಗಿಯೂ ನಟಿಸಿದರು. ಸಿಪೋ ಮಖಾಯಾ ಅರವತ್ತು ದಾಟಿದ ಗ್ರಂಥಾಲಯ ನೌಕರ. ದೇಶ ಬದಲಾಯಿತು, ಇನ್ನಾದರೂ ತನ್ನನ್ನು ಮುಖ್ಯ ಗ್ರಂಥಪಾಲಕನನ್ನಾಗಿ ಮಾಡುತ್ತಾರೆಂದು ಕಾಯುತ್ತಿದ್ದಾನೆ. ಹೋರಾಟಗಾರನೆಂದು ಹೆಸರಾಗಿ ಲಂಡನ್ನಿನಲ್ಲಿ ತೀರಿಕೊಂಡ ಅವನ ತಮ್ಮ ಬೂದಿಯಾಗಿ ಊರಿಗೆ ಮರಳುತ್ತಾನೆ. ಶವವನ್ನು ಮಣ್ಣುಮಾಡುವ ಸಂಪ್ರದಾಯದ ಅಣ್ಣನ ಕೈಗೆ ಬೂದಿಯ ಪಾತ್ರೆ! ಹೊರಗೆ ವರ್ಣಭೇದ ಕಾಲದ ದೌರ್ಜನ್ಯಗಳನ್ನು ಕೇಳಿ ತಿಳಿಯುವ ಸತ್ಯ ಮತ್ತು ಸಮಾಧಾನ ಆಯೋಗದ ವಿಚಾರಣೆ ನಡೆಯುತ್ತಿದ್ದರೆ, ಮನೆಯೊಳಗೆ ಇವನು ಸತ್ತ ತಮ್ಮನನ್ನು ಕ್ಷಮಿಸಲಾಗದೆ ಒದ್ದಾಡುತ್ತಾನೆ. ಆಡಳಿತದ ಮೇಲಿನ ಸಿಟ್ಟು ಮತ್ತು ದಾಯಾದಿ ಮತ್ಸರ ಒಂದೇ ಮನಸ್ಸಿನಲ್ಲಿ ಹೀಗೆ ಹೆಣೆದುಕೊಂಡಿರುವ ಪಾತ್ರವನ್ನು ನಾನು ಹೆಚ್ಚು ನೋಡಿಲ್ಲ. 2009ರಲ್ಲಿ ಬುರ್ಕಿನಾ ಫಾಸೊ ದೇಶದ ವಾಗಡೂಗು ಚಿತ್ರೋತ್ಸವದಲ್ಲಿ ಅದಕ್ಕೆ ಎರಡನೆಯ ದೊಡ್ಡ ಬಹುಮಾನ ಬಂತು.

ಆದ್ದರಿಂದ ಅವರಿಗೆ ನಾಯಕನ ಪಾತ್ರಗಳು ಸಿಗಲಿಲ್ಲ ಎನ್ನಬೇಡಿ. ಅವು ನಮ್ಮ ಊರಿನ ಥಿಯೇಟರಿಗೆ ಬರಲಿಲ್ಲ ಎನ್ನಿ.

ಹೊಸಪೇಟೆ ನೋಡುಗ:
ತಪ್ಪನ್ನು ಒಪ್ಪಿಕೊಳ್ಳುತ್ತೇನೆ ಸರ್. ನಾನು ನೋಡಿದ್ದೆಲ್ಲ ಅಮೆರಿಕದ ದೊಡ್ಡ ಕಂಪನಿಗಳ ಚಿತ್ರಗಳನ್ನೇ.

ತುಂಗಾತೀರ:
ಅಮೆರಿಕದ ಚಿತ್ರಗಳನ್ನೂ ತಳ್ಳಿಹಾಕಬೇಕಾಗಿಲ್ಲ. 1996ರ ‘ದಿ ಘೋಸ್ಟ್ ಅಂಡ್ ದ ಡಾರ್ಕ್‌ನೆಸ್’ನಲ್ಲಿ ಸಾವೋ ನದಿಗೆ ರೈಲ್ವೆ ಸೇತುವೆ ಕಟ್ಟುತ್ತಿದ್ದ ಭಾರತೀಯ ಕೂಲಿಗಳನ್ನು ಎರಡು ಸಿಂಹಗಳು ಹೊತ್ತೊಯ್ಯುವ 1898ರ ಕಥೆಯನ್ನು ನಮಗೆ ಹೇಳುವುದು ಕಾನಿ ಅವರ ಸ್ಯಾಮ್ಯುಯೆಲ್. ಭಾರತೀಯ ಕೂಲಿಗಳ ಮುಂದಾಳಾಗಿ ನಮ್ಮ ಓಂ ಪುರಿ ಇದ್ದಾರೆ. ಇಬ್ಬರ ಮುಖದಲ್ಲೂ ಕಣ್ಣು ತಪ್ಪಿಸಲಾಗದಂಥ ಒರಟು ಘನತೆ. ಅಂಥ ಇಬ್ಬರನ್ನು ಒಂದೇ ಚಿತ್ರದಲ್ಲಿಟ್ಟುಕೊಂಡು ಕ್ಯಾಮೆರಾವನ್ನು ಬಹುಪಾಲು ಬೇಟೆಗಾರರ ಮೇಲೆಯೇ ಇಟ್ಟರಲ್ಲ ಎಂಬುದು ನನ್ನ ಹಳೆಯ ಸಂಕಟ.

ನುಡಿಗಾರ:
ಟಿಚಾಕಾ ಪಾತ್ರವನ್ನು ಹಗುರವಾಗಿ ಕಾಣಬೇಡಿರೆಂದು ನನ್ನ ವಿನಂತಿ. 2016ರ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ ಚಿತ್ರೀಕರಣದಲ್ಲಿ, ಮಗನಾಗಿದ್ದ ಚಾಡ್ವಿಕ್ ಬೋಸ್‌ಮನ್ ಅವರೊಡನೆ ಮಾತಾಡುವ ದೃಶ್ಯದಲ್ಲಿ ಕಾನಿ ತಮ್ಮ ತಾಯ್ನುಡಿ ಖೋಸಾವನ್ನು ಬಳಸಿದರು. ಬೋಸ್‌ಮನ್ ಅವರಿಗೆ ಆ ಸಾಲುಗಳನ್ನು ಹೇಳಿಕೊಟ್ಟವರೂ ಅವರೇ. ನಿರ್ದೇಶಕರಿಗೆ ಅದು ಹಿಡಿಸಿತು, ಅಂದಿನಿಂದ ಟಿಚಾಕಾ ಆಳುವ ವಕಾಂಡಾ ಎಂಬ ಕಾಲ್ಪನಿಕ ರಾಜ್ಯದ ಭಾಷೆ ಖೋಸಾ ಎಂದೇ ನಿಂತಿತು. 2018ರ ‘ಬ್ಲ್ಯಾಕ್ ಪ್ಯಾಂಥರ್’ನಲ್ಲಿ ತರುಣ ಟಿಚಾಕಾ ಆಗಿ ನಟಿಸಿದವರು ಕಾನಿ ಅವರ ಸ್ವಂತ ಮಗ ಅಟಾಂಡ್ವಾ. ತೆರೆಯ ಮೇಲೆ ಹತ್ತು ನಿಮಿಷವಷ್ಟೇ ಇದ್ದು ಒಂದು ಇಡೀ ಸಿನಿಮಾಕ್ಕೆ ಭಾಷೆಯನ್ನು ಕೊಟ್ಟುಹೋದ ನಟ ಇನ್ನೊಬ್ಬರಿದ್ದರೆ ತಿಳಿಸಿ.

ಚಾವಡಿ ಚಂದ್ರು:
ಕಥೆಯ ಪ್ರಕಾರ ವಕಾಂಡಾ ಇರುವುದು ಪೂರ್ವ ಆಫ್ರಿಕಾದ ಕಡೆ. ಖೋಸಾ ಭಾಷೆ ತೀರ ದಕ್ಷಿಣದ ತುದಿಯದು. ನಾಳೆ ಯಾರಾದರೂ ಕಾಶ್ಮೀರದ ರಾಜನ ಬಾಯಲ್ಲಿ ಕನ್ನಡ ಆಡಿಸಿದರೆ ನೀವು ಹೀಗೆಯೇ ಕೊಂಡಾಡುತ್ತೀರಾ?

ನುಡಿಗಾರ:
ಕಾಶ್ಮೀರ ನಿಜವಾದ ಊರು, ವಕಾಂಡಾ ಇಲ್ಲದ ಊರು. ಇಲ್ಲದ ಊರಿನವರು ಇರುವ ಭಾಷೆಯೊಂದನ್ನು ಆಡಿದರೆ ಆ ಭಾಷೆಗೆ ಲಾಭವೇ. ಮುರುಕು ಇಂಗ್ಲಿಷಿನಲ್ಲಿ ‘ಆಫ್ರಿಕನ್’ ಧಾಟಿ ಹಚ್ಚಿ ಮಾತಾಡಿಸುವ ಹಳೆಯ ಚಾಳಿಗಿಂತ ಇದು ಸಾವಿರ ಪಾಲು ಮೇಲಲ್ಲವೇ?

ಚಾವಡಿ ಚಂದ್ರು:
ಈ ಒಂದು ವಿಷಯಕ್ಕೆ ಒಪ್ಪಿದೆ.

ಗಾಡಿಮನೆ:
ಖೋಸಾದಲ್ಲಿ ನಾಲಿಗೆಯಿಂದ ಟಕ್ ಎನಿಸುವ ಅಕ್ಷರಗಳಿವೆಯಂತಲ್ಲ, ಅವನ್ನು ಹೇಗೆ ಉಚ್ಚರಿಸುವುದು?

ನುಡಿಗಾರ:
ಮುಖ್ಯವಾಗಿ ಮೂರು ಬಗೆ, ಮೂರೂ ನಮ್ಮವರ ಬಾಯಲ್ಲಿವೆ, ಅಕ್ಷರವಾಗಿಲ್ಲ ಅಷ್ಟೇ. ಅಯ್ಯೋ ಪಾಪ ಎನ್ನುವಾಗ ಹಲ್ಲಿಗೆ ನಾಲಿಗೆ ತಾಗಿಸಿ ಲೊಚಗುಟ್ಟುತ್ತೇವಲ್ಲ, ಅದೊಂದು. ಗಾಡಿ ಹೊಡೆಯುವವರು ಎತ್ತುಗಳನ್ನು ಮುಂದೆ ನಡೆಸಲು ಕೆನ್ನೆಯ ಪಕ್ಕದಿಂದ ಹೊರಡಿಸುವ ಸದ್ದು ಇನ್ನೊಂದು, ಖೋಸಾ ಎಂಬ ಹೆಸರಿನ ಮೊದಲಲ್ಲಿ ಇರುವುದು ಇದೇ. ಮಕ್ಕಳು ಅಂಗುಳಕ್ಕೆ ನಾಲಿಗೆ ಹಚ್ಚಿ ಗಟ್ಟಿಯಾಗಿ ಲೊಟ್ಟೆ ಹೊಡೆಯುವುದು ಮೂರನೆಯದು, ಈಗ ಗೆಬೆರ್ಹಾ ಎಂದು ನಾವು ತಪ್ಪುತಪ್ಪಾಗಿ ಬರೆಯುತ್ತಿರುವ ಪೋರ್ಟ್ ಎಲಿಜಬೆತ್‌ನ ಹೊಸ ಹೆಸರಿನ ಮೊದಲಲ್ಲಿ ಅದು ಬರುತ್ತದೆ. ಕಾನಿ ಅವರ ಊರಿನ ಹೆಸರನ್ನು ನಮ್ಮ ಲಿಪಿಯಲ್ಲಿ ಸರಿಯಾಗಿ ಬರೆಯಲು ಸಾಧ್ಯವೇ ಇಲ್ಲ.

ಬೆಳ್ಳಿತೆರೆಯ ಬೇಸರ:
ಏನೇ ಹೇಳಿ, ರಫೀಕಿಗೆ ದನಿ ಕೊಟ್ಟದ್ದನ್ನು ನಟನೆ ಎನ್ನಲು ನನಗೆ ಮನಸ್ಸು ಬಾರದು.

ರಂಗಮನೆಯ ಹಳಬ:
‘ದಿ ಐಲ್ಯಾಂಡ್’ ನಾಟಕ ಆರಂಭವಾಗುವುದು ಇಬ್ಬರು ಕೈದಿಗಳು ಮರಳು ತೋಡಿ ಗಾಡಿಗೆ ತುಂಬಿ, ಒಬ್ಬನು ಖಾಲಿ ಮಾಡಿದ ಗುಂಡಿಯನ್ನು ಇನ್ನೊಬ್ಬನು ತುಂಬುವ ಮೂಕಾಭಿನಯದಿಂದ. ನಿಮಿಷಗಟ್ಟಲೆ ಒಂದು ಮಾತೂ ಇಲ್ಲ. ದನಿಯೇ ಇಲ್ಲದೆ ನಟಿಸಬಲ್ಲವನು ದೇಹವೇ ಇಲ್ಲದೆಯೂ ನಟಿಸಬಲ್ಲ ಎಂದುಕೊಂಡರೆ ನಿಮ್ಮ ಬೇಸರ ಕಡಿಮೆಯಾದೀತು.

ಅವರ ದನಿಯ ಬಗ್ಗೆ ಇನ್ನೊಂದು ಸಂಗತಿ. ಕಾನಿ ಶೇಕ್ಸ್‌ಪಿಯರನನ್ನು ಮೊದಲು ಕಂಡದ್ದು ಇಂಗ್ಲಿಷಿನಲ್ಲಿ ಅಲ್ಲ, ಶಾಲೆಯಲ್ಲಿ ಓದಿದ ‘ಜೂಲಿಯಸ್ ಸೀಸರ್’ ನಾಟಕದ ಖೋಸಾ ಅನುವಾದದಲ್ಲಿ. ಮೂಲವನ್ನು ಓದಿದಾಗ ತಮ್ಮ ಭಾಷೆಯದೇ ಚೆನ್ನಾಗಿದೆ ಎನಿಸಿತೆಂದು ಅವರು ಹೇಳಿಕೊಂಡಿದ್ದಾರೆ. ಕುವೆಂಪು ಅವರ ‘ಬಿರುಗಾಳಿ’ಯನ್ನು ಮೊದಲು ಓದಿ ಆಮೇಲೆ ‘ಟೆಂಪೆಸ್ಟ್’ಗೆ ಹೋದ ನನ್ನಂಥವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಅದೇ ‘ಟೆಂಪೆಸ್ಟ್’ ನಾಟಕವನ್ನು 2009ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಮತ್ತು ಬಾಕ್ಸ್‌ಟರ್ ಜೊತೆಗೂಡಿ ಆಡಿದಾಗ ಕೇಪ್‌ಟೌನ್ ಮೂಲದ ಬಿಳಿಯ ನಟ ಆಂಟನಿ ಶೇರ್ ದ್ವೀಪವನ್ನಾಳುವ ಪ್ರಾಸ್ಪೆರೋ, ಕಾನಿ ಅವನಿಗೆ ಆಳಾದ ದ್ವೀಪವಾಸಿ ಕ್ಯಾಲಿಬನ್. ದ್ವೀಪ ಯಾರದು ಎಂಬ ಜಗಳವನ್ನು ಆ ಇಬ್ಬರು ಆಡಿದರೆ ಬೇರೆ ವ್ಯಾಖ್ಯಾನವೇ ಬೇಕಾಗುವುದಿಲ್ಲ. ಹತ್ತು ವರ್ಷದ ಮೇಲೆ, ಸಾಯುತ್ತಿರುವ ಬಿಳಿಯ ನಟ ಮತ್ತು ಅವನ ಆರೈಕೆಗೆ ಬರುವ ಕಪ್ಪು ನರ್ಸ್ ಇವರಿಬ್ಬರ ನಾಟಕವನ್ನು ಕಾನಿ ತಾವೇ ಬರೆದು ಶೇರ್ ಅವರ ಎದುರು ಮತ್ತೆ ನಿಂತರು. ಮೂರು ವರ್ಷ ಕಳೆಯುವುದರೊಳಗೆ ಶೇರ್ ನಿಜವಾಗಿಯೂ ತೀರಿಕೊಂಡರು.

ಸಿನಿಮಾ ಡೈರಿ:
ಶೇಕ್ಸ್‌ಪಿಯರ್ ಎಂದ ಕೂಡಲೇ ನೆನಪಾಯಿತು. ರೇಫ್ ಫೈನ್ಸ್ ನಿರ್ದೇಶಿಸಿದ 2011ರ ‘ಕೊರಿಯೊಲೇನಸ್’ ಚಿತ್ರದಲ್ಲಿ ಕಾನಿ ಸೇನಾಪತಿ ಕೊಮಿನಿಯಸ್. ಹೊಸಪೇಟೆಯವರು ‘ಯಾವುದೋ ಸೇನಾಪತಿ’ ಎಂದದ್ದು ಇವರನ್ನೇ ಇರಬೇಕು!

ಹೊಸಪೇಟೆ ನೋಡುಗ:
ಅವರನ್ನೇ ಸರ್, ನಾಚಿಕೆಯಾಯಿತು. ಭಾನುವಾರ ‘ಒಥೆಲೋ’ ನೋಡಲು ಕುಳಿತು, ಒಂದೇ ಪಟ್ಟಿಗೆ ಮುಗಿಸಲಾಗದೆ ಎರಡು ರಾತ್ರಿ ನೋಡಿದೆ. ಒಂದು ಕಣ್ಣು ನಿಜವಾದದ್ದಲ್ಲ ಎಂದು ಇಲ್ಲಿ ಓದಿದ ಮೇಲೆ ಅವರ ಮುಖವನ್ನು ಮೊದಲಿನಂತೆ ನೋಡಲು ಆಗುತ್ತಿಲ್ಲ, ಹತ್ತಿರದ ಚಿತ್ರಿಕೆ ಬಂದಾಗಲೆಲ್ಲ ಯಾವ ಕಣ್ಣೆಂದು ಹುಡುಕುತ್ತೇನೆ, ಅಷ್ಟರಲ್ಲಿ ಸಂಭಾಷಣೆ ಮುಂದೆ ಹೋಗಿರುತ್ತದೆ. ಮುಂದಿನ ವಾರ ‘ನಥಿಂಗ್ ಬಟ್ ದ ಟ್ರೂತ್’ ನೋಡುವವನಿದ್ದೇನೆ.

ನುಡಿಗಾರರ ಪಾಠವನ್ನು ಮಗನಿಗೆ ಓದಿ ಹೇಳಿದ್ದು ಮಾತ್ರ ನನ್ನ ತಪ್ಪು. ಅವನು ರಫೀಕಿಯಾಗಿ ಸೋಫಾದ ಮೇಲೆ ಕುಳಿತು ಮೂರು ದಿನದಿಂದ ಬೆಳಗಿನಿಂದ ರಾತ್ರಿಯವರೆಗೆ ಲೊಟ್ಟೆ ಹೊಡೆಯುತ್ತಿದ್ದಾನೆ, ಗಾಡಿ ಎತ್ತಿನ ಸದ್ದು ಇನ್ನೂ ಬಂದಿಲ್ಲವೆಂದು ಅವನ ಅಜ್ಜ ಪಕ್ಕದಲ್ಲಿ ಕುಳಿತು ಕಲಿಸಿಕೊಡುತ್ತಿದ್ದಾರೆ.